ಹಳೇ ಜೀಪನ್ನು ಮನೆಯಲ್ಲೇ ಗುಡ್ಡಕ್ಕೆ ಸಜ್ಜು ಮಾಡುವುದು ಹೇಗೆ?

ಮಾಂದಲಪಟ್ಟಿಗೋ ಕೊಡಚಾದ್ರಿಗೋ ಬಾಡಿಗೆ ಜೀಪಿನಲ್ಲಿ ಹೋದವರು ಒಂದು ವಿಷಯ ಗಮನಿಸಿರಬಹುದು. ಆ ಜೀಪುಗಳು ನೋಡಲು ಏನೂ ಚೆಂದ ಇರುವುದಿಲ್ಲ. ಹೆಚ್ಚಿನವಕ್ಕೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇಲ್ಲ, ಎಂಜಿನ್‌ಗೆ ಎತ್ತರದಿಂದ ಗಾಳಿ ಕೊಡುವ ಸ್ನಾರ್ಕೆಲ್ ಕೊಳವೆ ಇಲ್ಲ, ಮೇಲೆ ಸಾಲು ಲೈಟೂ ಇಲ್ಲ. ಆದರೂ ಕಲ್ಲು, ಕೆಸರಿನಲ್ಲಿ ಹತ್ತಿ ಇಳಿಯುತ್ತವೆ. ಅರ್ಧ ಚಾಲಕನ ಕೈಚಳಕ. ಉಳಿದರ್ಧ ಜೀಪಿನ ಹೊಟ್ಟೆಯ ಕೆಳಗಿದೆ. ಮನೆಯ ಶೆಡ್ಡಿನಲ್ಲಿ ಆಫ್‌ರೋಡ್ ಗಾಡಿ ಕಟ್ಟುವವರು ಹಣ ಖರ್ಚು ಮಾಡಬೇಕಾದದ್ದೂ ಅಲ್ಲಿಂದಲೇ. ನಮ್ಮಲ್ಲಿ ಆಗುವುದು ಉಲ್ಟಾ. ಮೊದಲು ದಪ್ಪ ಟೈರ್, ಆಮೇಲೆ ಬಂಪರ್, ಬ್ರೇಕ್ ನೆನಪಾಗುವುದು ಇಳಿಜಾರಿನಲ್ಲಿ.

ಈ ಕೆಲಸಕ್ಕೆ ಹಳೇ ಮಹೀಂದ್ರಾ ಜೀಪಿನಷ್ಟು ಒಳ್ಳೆಯ ಗಾಡಿ ಸಿಗುವುದು ಕಷ್ಟ. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ ಕಂಪನಿ, ಅದೇ ಅಚ್ಚಿನ ಜೀಪುಗಳನ್ನು ದಶಕಗಳ ಕಾಲ ಮಾಡಿತು. 1980ರ ದಶಕದಲ್ಲಿ ಬಂದ ಎಂಎಂ 540 ನೋಡಿ. ಪೆಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, 62 ಅಶ್ವಶಕ್ತಿ. ಕಂಪ್ಯೂಟರ್, ಸೆನ್ಸರ್ ಯಾವುದೂ ಇಲ್ಲ. ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿ ಬೇರೆ, ನಾಲ್ಕೂ ಕಡೆ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್. ಸ್ಪ್ಯಾನರ್ ಸೆಟ್ಟು, ತಾಳ್ಮೆ ಎರಡೂ ಇದ್ದರೆ ಬಹುಪಾಲು ಬಿಚ್ಚಿ ಜೋಡಿಸಬಹುದು.

ಕಾಗದ ಮೊದಲು

ಗಾಡಿ ನೋಡುವ ಮುಂಚೆ ಆರ್‌ಸಿ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಣ್ಣಾರೆ ಹೋಲಿಸಿ. ಹರಾಜಿನಲ್ಲಿ ಬಂದ ಮಿಲಿಟರಿ ಜೀಪು ಎನ್ನುತ್ತಾರೆ, ಕಾಗದ ಕೇಳಿದರೆ ನಾಳೆ ಅನ್ನುತ್ತಾರೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಇನ್ನು ಮಾರ್ಪಾಡಿನ ವಿಷಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ತಪ್ಪಿದರೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್ ಬದಲಿಸಬೇಕಿದ್ದರೆ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ಬಂಪರ್ ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಬೇಡವೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗಾಗಿ ಮೂಲ ಅಳತೆ ಕೆಡಿಸದೆ, ಇರುವುದನ್ನೇ ಗಟ್ಟಿ ಮಾಡುವ ದಾರಿ ನನ್ನದು.

ಇನ್ನೊಂದು ಮಾತು. ನೋಡಲು ಜೀಪಿನಂತಿದ್ದ ಮಾತ್ರಕ್ಕೆ ಎಲ್ಲವೂ ಫೋರ್ ಬೈ ಫೋರ್ ಅಲ್ಲ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಜೀಪುಗಳೂ ಬೇಕಾದಷ್ಟಿವೆ. ಕೆಳಗೆ ಬಗ್ಗಿ ನೋಡಿ. ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಗುಂಡು (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು ಇದರೊಳಗಿವೆ), ಅದಕ್ಕೆ ಶಕ್ತಿ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇರಲೇಬೇಕು.

ಬಿಚ್ಚಿ ನೋಡುವುದು

ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಜ್ಯಾಕ್ ಎತ್ತಲು ಮಾತ್ರ. ಕೆಳಗೆ ತೂರುವ ಮುಂಚೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸೈಜುಗಲ್ಲು ಇಟ್ಟು ಸಾಹಸ ಮಾಡಬೇಡಿ. ಅವು ಸದ್ದಿಲ್ಲದೆ ಒಡೆಯುತ್ತವೆ.

ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದ ಜಾಗ ಟೊಳ್ಳು ಸದ್ದು ಕೊಡುತ್ತದೆ. ಸ್ಪ್ರಿಂಗ್ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ, ಇವೆರಡನ್ನು ಚೆನ್ನಾಗಿ ಉಜ್ಜಿ ನೋಡಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಅನುಭವಿ ವೆಲ್ಡರ್ ಕೈಗೆ ಕೊಡಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ವೈರ್ ಕಳಚಿ, ಡೀಸೆಲ್ ಟ್ಯಾಂಕನ್ನು ಇಳಿಸಿ ದೂರ ಇಡಿ.

ಬ್ರೇಕ್ ಮತ್ತು ಸ್ಟೀರಿಂಗ್

ಹಳೇ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಹಳ್ಳ ದಾಟಿದ ಮೇಲೆ ಡ್ರಮ್ ಒಳಗೆ ನೀರು ನಿಂತು, ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಹೀಗಾದಾಗ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ವೀಲ್ ಸಿಲಿಂಡರ್, ರಬ್ಬರ್ ಹೋಸ್, ಲೈನರ್ ಹೊಸದಾಗಿ ಹಾಕಿ. ತುಕ್ಕು ಹಿಡಿದ ಬ್ರೇಕ್ ಪೈಪಿದ್ದರೆ ಅದನ್ನೂ ಬದಲಿಸಿ. ಇಲ್ಲಿ ಗುಜರಿ ಮಾಲು ಬೇಡ. ಗೇರ್‌ಬಾಕ್ಸ್ ಕವರೋ ಬಾನೆಟ್ಟೋ ಬೇಕಾದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ. ಬ್ರೇಕ್ ಸಾಮಾನಿಗೆ ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದನ್ನೇ ಬಿಲ್ ಸಮೇತ ಕೇಳಿ.

ಜೀಪ್ ಓಡಿಸಿದವರಿಗೆ ಇನ್ನೊಂದು ಕಾಯಿಲೆಯೂ ಗೊತ್ತು. ಸ್ವಲ್ಪ ಸ್ಪೀಡಿನಲ್ಲಿ ಗುಂಡಿಗೆ ಇಳಿದರೆ ಮುಂದಿನ ಚಕ್ರಗಳು ಗಡಗಡ ಅಲ್ಲಾಡಿ, ಸ್ಟೀರಿಂಗ್ ಕೈಗೇ ಸಿಗುವುದಿಲ್ಲ. ವೀಲ್ ಬ್ಯಾಲೆನ್ಸ್ ಮಾಡಿಸಿ ಸುಮ್ಮನಾಗುವವರು ಜಾಸ್ತಿ. ಕಾರಣ ಹೆಚ್ಚಾಗಿ ಸವೆದ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್, ಸಡಿಲಾದ ಟೈ ರಾಡ್ ಎಂಡ್ (ಸ್ಟೀರಿಂಗ್ ಕಂಬಿಯ ತುದಿಯ ಕೀಲು). ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಬದಲಿಸಿ, ತೆಳು ಶಿಮ್‌ಗಳಿಂದ ಬಿಗಿ ಸರಿಪಡಿಸಬೇಕು. ಇದನ್ನು ಬಿಟ್ಟು ದೊಡ್ಡ ಟೈರ್ ಹಾಕಿದರೆ ಕಾಯಿಲೆ ಇಮ್ಮಡಿಯಾಗುತ್ತದೆ.

ಆಕ್ಸಲ್, ಎಣ್ಣೆ, ನೀರು

ಡಿಫರೆನ್ಷಿಯಲ್ ಡ್ರೈನ್ ಬೋಲ್ಟ್ ಬಿಚ್ಚಿ ಎಣ್ಣೆಯ ಬಣ್ಣ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಹೇಗೆ ಹೋಗುತ್ತದೆ? ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಆಕ್ಸಲ್ ಉಸಿರಾಡುವ ಸಣ್ಣ ರಂಧ್ರವಾದ ಬ್ರೀದರ್‌ನಿಂದಲೋ ಸವೆದ ಆಯಿಲ್ ಸೀಲ್‌ನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪರಿಹಾರ ತೀರಾ ಅಗ್ಗ. ಬ್ರೀದರ್‌ಗೆ ಎಣ್ಣೆ ತಾಗಿದರೂ ಹಾಳಾಗದ ರಬ್ಬರ್ ಪೈಪ್ ಹಾಕಿ, ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ದು ಕಟ್ಟಿ. ಸೀಲ್ ಬದಲಿಸಿ, ಹೊಸ ಗೇರ್ ಎಣ್ಣೆ ತುಂಬಿ. ಇಷ್ಟು ಕಮ್ಮಿ ಖರ್ಚಿಗೆ ಇಷ್ಟು ಲಾಭ ಕೊಡುವ ಕೆಲಸ ಇಡೀ ಜೀಪಿನಲ್ಲಿ ಬೇರೆ ಇಲ್ಲ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ನೀರಿಗೆ ಹೆದರಬೇಕಿಲ್ಲ ಎನ್ನುವವರಿದ್ದಾರೆ. ಆದರೆ ಗಾಳಿ ಎಳೆಯುವ ಬಾಯಿ ಮುಳುಗಿದರೆ ಸಿಲಿಂಡರ್ ಒಳಗೆ ನೀರು ನುಗ್ಗುತ್ತದೆ. ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ, ಅಲ್ವಾ? ಬಾಗುವುದು ಕನೆಕ್ಟಿಂಗ್ ರಾಡ್.

ಎತ್ತರ ಮತ್ತು ಟೈರ್

ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿ ಗಾಡಿ ಎತ್ತರಿಸುವ ಚಾಳಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಟ್ಟು ಜಾಯಿಂಟ್ ಕ್ರಾಸ್ ಬೇಗ ಹೋಗುತ್ತದೆ, ಸ್ಟೀರಿಂಗ್ ರಾಡ್‌ಗಳ ಲೆಕ್ಕ ತಪ್ಪುತ್ತದೆ, ಓರೆ ಇಳಿಜಾರಿನಲ್ಲಿ ಮಗುಚುವ ಭಯ ಬೇರೆ. ಬದಲಿಗೆ ಕುಸಿದ ಸ್ಪ್ರಿಂಗನ್ನು ಮತ್ತೆ ಕಮಾನು ಕಟ್ಟಿಸಿ, ಬುಷ್ ಬದಲಿಸಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿ. ಹಳೆಯ ಯು ಬೋಲ್ಟನ್ನು ಮತ್ತೆ ಬಿಗಿದು ಬಳಸಬೇಡಿ.

ಟೈರ್ ಕೂಡ ಹಾಗೇ. ಮೂಲದ 6.00-16 ಟೈರಿನ ಎತ್ತರ ಸುಮಾರು 28-29 ಇಂಚು. 235/75 ಆರ್ 15 ಹೆಚ್ಚುಕಮ್ಮಿ ಅದೇ ಎತ್ತರ, ಅಗಲ ಮಾತ್ರ ಜಾಸ್ತಿ. 31 ಇಂಚಿನದು ಹಾಕಿದರೆ ಆ 62 ಕುದುರೆಗಳು ಏದುಸಿರು ಬಿಡುತ್ತವೆ. ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 54ರ ಆಸುಪಾಸಿನಲ್ಲಿರುತ್ತದೆ. ಕೆಸರಿನಲ್ಲಿ ಹಿಡಿತ ಬೇಕಾದರೆ ಗಾಳಿಯನ್ನು 18 ಪಿಎಸ್‌ಐ ಹತ್ತಿರಕ್ಕೆ ಇಳಿಸಿ. ಟಾರು ರಸ್ತೆಗೆ ಹತ್ತುವ ಮುಂಚೆ ಮತ್ತೆ ತುಂಬಬೇಕು, ಆದ್ದರಿಂದ ಒಂದು ಪಂಪ್ ಜೊತೆಗಿರಲಿ.

ಸಿಕ್ಕಿಬಿದ್ದಾಗ

ವಿಂಚ್ ಆಮೇಲೆ ನೋಡೋಣ. ಮೊದಲು ಮುಂದೆ, ಹಿಂದೆ ಎಳೆಯುವ ಕೊಕ್ಕೆಗಳು ಚಾಸಿಗೇ ಬೋಲ್ಟ್ ಆಗಿರಲಿ. ಬಂಪರ್ ತಗಡಿಗೆ ಕಟ್ಟಿ ಎಳೆದರೆ ಬಂಪರ್ ಮಾತ್ರ ಈಚೆ ಬರುತ್ತದೆ. ಗಾಡಿ ಎಳೆಯುವ ಒಳ್ಳೆಯ ಬೆಲ್ಟ್, ಅದನ್ನು ಕೊಕ್ಕೆಗೆ ಸಿಕ್ಕಿಸಲು ಎರಡು ಶ್ಯಾಕಲ್ ಕೊಂಡಿ, ಒಂದು ಗುದ್ದಲಿ ಸಾಕು. ಎಳೆಯುವಾಗ ಬೆಲ್ಟ್ ಮೇಲೆ ಒದ್ದೆ ಗೋಣಿಚೀಲ ಹಾಕಿ, ಅಕ್ಕಪಕ್ಕ ಯಾರನ್ನೂ ನಿಲ್ಲಿಸಬೇಡಿ. ಹರಿದ ಬೆಲ್ಟ್ ಹಾರಿ ಬಂದು ಬಡಿಯುತ್ತದೆ.

ಮೊದಲ ಓಟ

ಅನುಮತಿ ಇರುವ ಖಾಸಗಿ ತೋಟದಲ್ಲೇ ಪರೀಕ್ಷೆ ಮಾಡಿ. ಮೀಸಲು ಅರಣ್ಯಕ್ಕೆ ನುಗ್ಗಿದರೆ ಕೇಸು ಬೀಳುತ್ತದೆ, ಗಾಡಿಯೂ ಹೋಗಬಹುದು. ಫೋರ್ ವೀಲ್ ಹಾಕುವುದು ಜಾರುವ ನೆಲದಲ್ಲಿ ಮಾತ್ರ. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನಲ್ಲಿ ಹಾಕಿ ತಿರುಗಿಸಿದರೆ ಗೇರುಗಳು ಒಂದಕ್ಕೊಂದು ಜಗಳವಾಡಿ ಹಲ್ಲು ಮುರಿದುಕೊಳ್ಳಬಹುದು. ಕಡಿದಾದ ಇಳಿಜಾರಿಗೆ ಲೋ ರೇಂಜ್ (ವೇಗ ಇಳಿಸಿ ಬಲ ಹೆಚ್ಚಿಸುವ ಗೇರ್ ಹಂತ), ಮೊದಲ ಗೇರ್. ಕ್ಲಚ್ ಮುಟ್ಟಬೇಡಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ವಾಪಸ್ ಬಂದ ಕೂಡಲೇ ನಾಲ್ಕೂ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಬ್ರೇಕ್ ಕಚ್ಚುತ್ತಿದೆ. ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಹೊಸ ಬೋಲ್ಟುಗಳು ಮೊದಲ ಕೆಲವು ಓಟಗಳಲ್ಲಿ ಸಡಿಲಾಗುವುದುಂಟು.