ಒಂದೇ ಸೊನಾಟಾ, ಎರಡು ಪಿಯಾನೋ: ಕೇಳುವುದು ಹೇಗೆ?

ಹಳೇ ಕಾಲದ ಪಿಯಾನೋಗೂ ಈಗಿನದಕ್ಕೂ ಏನು ವ್ಯತ್ಯಾಸ ಅಂತ ತಿಳಿಯಬೇಕಾದರೆ ಇಬ್ಬರು ಬೇರೆ ಬೇರೆ ಕಲಾವಿದರನ್ನು ಹೋಲಿಸಬೇಡಿ. ಯಾವುದು ವಾದ್ಯದ ಗುಣ, ಯಾವುದು ಕೈಯ ಗುಣ ಅಂತ ಗೊತ್ತಾಗುವುದಿಲ್ಲ. ಒಬ್ಬರೇ ಒಂದೇ ಕೃತಿಯನ್ನು ಎರಡರಲ್ಲೂ ನುಡಿಸಿರಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಸಂಗೀತ ರಚನಕಾರ ಶೂಬರ್ಟ್‌ನ ಕೊನೆಯ ಪಿಯಾನೋ ಸೊನಾಟಾ (ಹಲವು ಭಾಗಗಳ ವಾದ್ಯ ಕೃತಿ), ಅವನ ಕೃತಿಪಟ್ಟಿಯಲ್ಲಿ ಡಿ 960. 1828ರ ಸೆಪ್ಟೆಂಬರಿನಲ್ಲಿ ಇದನ್ನು ಮುಗಿಸಿದ, ನವೆಂಬರಿನಲ್ಲಿ ತೀರಿಕೊಂಡ. ಪಿಯಾನೋ ವಾದಕ ಆಂಡ್ರಾಸ್ ಶಿಫ್ ಇದನ್ನು 1990ರ ದಶಕದಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಗಾಗಿ ಈಗಿನ ಕಾಲದ ಬೋಸೆಂಡೋರ್ಫರ್ ಪಿಯಾನೋದಲ್ಲಿ ನುಡಿಸಿದರು. ಆಮೇಲೆ ಇಸಿಎಂ ಎಂಬ ಇನ್ನೊಂದು ಕಂಪನಿಯ 2015ರ ಆಲ್ಬಮ್‌ಗೆ, ಫ್ರಾಂಜ್ ಬ್ರಾಡ್‌ಮನ್ ವಿಯೆನ್ನಾದಲ್ಲಿ 1820ರ ಸುಮಾರಿಗೆ ಮಾಡಿದ ಪಿಯಾನೋದಲ್ಲಿ.

ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಬರುವುದೇ ಇಲ್ಲ, ನಮಗೆ ಬೇಕಾಗಿರುವುದೇ ಅವು. ಮೊದಲ ಸಾಲು ಎರಡರಲ್ಲೂ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ವಾಲ್ಯೂಮ್ ಸರಿಮಾಡಿಕೊಳ್ಳಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಸುಮ್ನೆ ಒಪ್ಪಿಕೊಂಡುಬಿಡುತ್ತದೆ.

ಈಗ ಬೋಸೆಂಡೋರ್ಫರ್‌ನಲ್ಲಿ ಬರೀ ಶುರುವಿನ ಭಾಗ. ಮೆಲ್ಲಗೆ ಒಂದು ಹಾಡಿನಂಥ ಸಾಲು ಬರುತ್ತದೆ. ಅದು ನಿಂತ ಕಡೆ, ತೀರಾ ಕೆಳಗೆ, ಎಡಗೈಯಲ್ಲಿ ಒಂದು ಟ್ರಿಲ್. ಅಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಅದುರುತ್ತವೆ. ಆಮೇಲೆ ಮೌನ. ಈಗಿನ ಪಿಯಾನೋದಲ್ಲಿ ಆ ಟ್ರಿಲ್ ದೂರದ ಗುಡುಗಿನ ಹಾಗಿರುತ್ತದೆ, ಸ್ವರಗಳು ಕಲಸಿಹೋಗುತ್ತವೆ. ಅದೇ ಜಾಗವನ್ನು ಬ್ರಾಡ್‌ಮನ್‌ನಲ್ಲಿ ಕೇಳಿ. ಎರಡೂ ಸ್ವರ ಬಿಡಿಬಿಡಿಯಾಗಿ ಕೇಳುತ್ತವೆ. ತಂತಿಯ ಗರಗರ ಸದ್ದೂ ಇದೆ. ನನಗಂತೂ ಅಲ್ಲಿ ಭಯ ಜಾಸ್ತಿ, ಅದೂ ಅಷ್ಟು ಮೆತ್ತಗೆ ನುಡಿಸಿದಾಗ!

ಕಾರಣ ವಾದ್ಯ ಕಟ್ಟಿರುವ ರೀತಿಯಲ್ಲೇ ಇದೆ. ಹಳೆಯದರ ಮೈ ಮರದ್ದು, ತಂತಿಗಳು ತೆಳು, ಪುಟ್ಟ ಸುತ್ತಿಗೆಗಳಿಗೆ ಚರ್ಮದ ಹೊದಿಕೆ. ನಾದ ತಟ್ಟನೆ ಹುಟ್ಟಿ ಬೇಗ ಆರುತ್ತದೆ. ಈಗಿನದರಲ್ಲಿ ಎರಕದ ಕಬ್ಬಿಣದ ಚೌಕಟ್ಟು, ಬಿಗಿಯಾದ ದಪ್ಪ ತಂತಿಗಳು, ಫೆಲ್ಟ್ (ಒತ್ತಿ ಮಾಡಿದ ಉಣ್ಣೆ) ಹೊದಿಸಿದ ಸುತ್ತಿಗೆ. ಕೆಳಸ್ವರದ ತಂತಿಗಳು ಉಳಿದವುಗಳ ಮೇಲೆ ಅಡ್ಡ ಹಾಯುತ್ತವೆ. ನಾದ ತುಂಬಿ ಬರುತ್ತದೆ, ತುಂಬ ಹೊತ್ತು ನಿಲ್ಲುತ್ತದೆ. ಹಳೆಯದರಲ್ಲಿ ಕೆಳಗಿನ, ನಡುವಿನ, ಮೇಲಿನ ಸ್ವರಗಳಿಗೆ ಬೇರೆ ಬೇರೆ ಬಣ್ಣ. ಈಗಿನದು ಎಲ್ಲವನ್ನೂ ಒಂದೇ ಹದಕ್ಕೆ ತಂದಿದೆ.

ಇನ್ನು ಬ್ರಾಡ್‌ಮನ್‌ನಲ್ಲಿ ಮೊದಲ ಚಲನವನ್ನು, ಅಂದರೆ ಸೊನಾಟಾದ ಮೊದಲ ಭಾಗವನ್ನು, ಪೂರ್ತಿ ಕೇಳಿ, ನಡುವೆ ಬದಲಾಯಿಸಬೇಡಿ. ಮೊದಮೊದಲು ನಾದ ತೆಳು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಹೊತ್ತು ತಾಳಿಕೊಳ್ಳಿ, ಕಿವಿ ಒಗ್ಗುತ್ತದೆ. ಆ ವಾದ್ಯದಲ್ಲಿ ಮಾಡರೇಟರ್ ಅನ್ನುವ ಪೆಡಲ್ ಇದೆ. ಒತ್ತಿದರೆ ಸುತ್ತಿಗೆಗೂ ತಂತಿಗೂ ನಡುವೆ ಬಟ್ಟೆಯ ಪಟ್ಟಿ ಬರುತ್ತದೆ. ನಾದ ಬರೀ ಸಣ್ಣದಾಗುವುದಿಲ್ಲ, ಬಣ್ಣವೇ ಬದಲಾಗುತ್ತದೆ. ಈಗಿನ ಗ್ರ್ಯಾಂಡ್ ಪಿಯಾನೋದಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟಾದ ಮೇಲೆ ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾಗೆ ಹೋಗಿ. ಮೊದಲ ಚಲನವನ್ನು ಪೂರ್ತಿ ಡ್ಯಾಂಪರ್ (ತಂತಿಯ ಸದ್ದು ನಿಲ್ಲಿಸುವ ಮೆತ್ತೆ) ಎತ್ತಿಟ್ಟುಕೊಂಡೇ ನುಡಿಸಬೇಕು ಅಂತ 1801ರಲ್ಲಿ ಬರೆದ. ಈಗಿನ ಪಿಯಾನೋದಲ್ಲಿ ಹಾಗೆ ಮಾಡಿದರೆ ಎಲ್ಲಾ ರಾಡಿ, ಅದಕ್ಕೇ ಹೆಚ್ಚಿನವರು ಡ್ಯಾಂಪರ್ ಎತ್ತುವ ಪೆಡಲನ್ನು ಮತ್ತೆ ಮತ್ತೆ ಬಿಟ್ಟು ಒತ್ತುತ್ತಾರೆ. ಬೀಥೋವನ್ ಕಾಲದ ವಿಯೆನ್ನಾ ಪಿಯಾನೋಗಳ ಮಾದರಿಯಲ್ಲಿ ಮಾಡಿದ ವಾದ್ಯದಲ್ಲಿ ಪಿಯಾನೋ ವಾದಕ ರೊನಾಲ್ಡ್ ಬ್ರೌಟಿಗಾಮ್ ನುಡಿಸಿದ್ದನ್ನು ಹುಡುಕಿ ಕೇಳಿ. ಎಡಗೈಯ ಸ್ವರ ಬದಲಾಗುವ ಕಡೆ ಗಮನ ಕೊಡಿ: ಹಿಂದಿನದು ಎಷ್ಟು ಹೊತ್ತು ಉಳಿಯುತ್ತದೆ, ಹೊಸದಕ್ಕೆ ಯಾವಾಗ ಜಾಗ ಬಿಡುತ್ತದೆ ಅಂತ.