ಮೊದಲ ವರ್ಷ ಎಲ್ಲಿ? ಯುಸಿಗೆ ಟ್ರಾನ್ಸ್‌ಫರ್ ಆಗಬೇಕೆನ್ನುವವರಿಗೆ

ಮಾರ್ಚ್ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಇದೇ ಮಾತು. ಬರ್ಕ್ಲಿ ಸಿಗಲಿಲ್ಲ, ಯುಸಿಎಲ್‌ಎ ಸಿಗಲಿಲ್ಲ. "ಸದ್ಯಕ್ಕೆ ಎಲ್ಲಾದರೂ ಸೇರ್ಕೊ, ಒಂದು ವರ್ಷ ಆದ ಮೇಲೆ ಟ್ರಾನ್ಸ್‌ಫರ್ ಮಾಡಿಸೋಣ" ಅಂತ ಮಕ್ಕಳಿಗೆ ಸಮಾಧಾನ ಹೇಳುತ್ತೇವೆ. ನಾವೂ ಹಾಗೇ ಹೇಳಿದ್ದೆವು. ಮಗ ಬೇರೆ ರಾಜ್ಯದ ಒಂದು ಯೂನಿವರ್ಸಿಟಿಗೆ ಹೋದ, ಚೆನ್ನಾಗಿಯೇ ಓದಿದ. ವಾಪಸ್ ಬರಲು ಅರ್ಜಿ ಹಾಕಬೇಕೆಂದು ಕೂತಾಗ ಗೊತ್ತಾಯಿತು: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಯುಸಿಎಲ್‌ಎ ಎಲ್ಲ ಸೇರಿದ ಯುಸಿ, ಒಂದೇ ವರ್ಷ ಓದಿದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. 60 ಸೆಮಿಸ್ಟರ್ ಯೂನಿಟ್, ಅಂದರೆ ಎರಡು ವರ್ಷದ ಓದು ಮುಗಿದಿರಬೇಕು. ಆಮೇಲೆ ಮೂರನೇ ವರ್ಷಕ್ಕೆ ಪ್ರವೇಶ. ಅಲ್ಲಿ ಓದಿದ ಎಷ್ಟೋ ಕೋರ್ಸ್ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹೊರ ರಾಜ್ಯದ ಫೀಸು ಕಟ್ಟಿದ್ದೂ ಹೋಯಿತು, ಹುಡುಗ ತುಂಬಾ ನೊಂದುಕೊಂಡ. ಬೇರೆಯವರಿಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಯುಸಿಗೆ ಟ್ರಾನ್ಸ್‌ಫರ್ ಆಗುವುದೇ ಗುರಿಯಾದರೆ ಮೊದಲ ವರ್ಷಕ್ಕೆ ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿಗಿಂತ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗಿಂತ, ಒಳ್ಳೆ ಜಾಗ ಇಲ್ಲ. ಟ್ರಾನ್ಸ್‌ಫರ್ ಅರ್ಜಿಗಳಲ್ಲಿ ಯುಸಿ ಮೊದಲ ಆದ್ಯತೆ ಕೊಡುವುದು ಇಲ್ಲಿ ಓದಿದವರಿಗೇ. 1960ರಲ್ಲಿ ರಾಜ್ಯ ಮಾಡಿದ ಉನ್ನತ ಶಿಕ್ಷಣದ ಮಾಸ್ಟರ್ ಪ್ಲಾನಿನಲ್ಲೇ ಈ ದಾರಿ ಹಾಕಿಟ್ಟಿದ್ದಾರೆ. ನಮ್ಮೂರಿನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಹಾಗೆ ಅಂದುಕೊಳ್ಳಿ. ವ್ಯತ್ಯಾಸ ಏನೆಂದರೆ, ಇಲ್ಲಿ ಎಂಟ್ರೆನ್ಸ್ ಪರೀಕ್ಷೆ ಇಲ್ಲ. ಹೈಸ್ಕೂಲ್ ಮಕ್ಕಳು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನೂ ಕೇಳುವುದಿಲ್ಲ. ಕಾಲೇಜಿನಲ್ಲಿ ಓದಿದ್ದೇ ನೋಡುತ್ತಾರೆ.

ಆದರೂ "ಕಮ್ಯೂನಿಟಿ ಕಾಲೇಜಾ?" ಅಂತ ಹೇಳಿಕೊಳ್ಳಲು ನಮ್ಮವರಿಗೆ ಸಂಕೋಚ. ಊರಿನಿಂದ ಫೋನ್ ಬಂದಾಗ ಅತ್ತೆ ಮಾವಂದಿರಿಗೆ ಹೇಗೆ ವಿವರಿಸುವುದು ಅನ್ನುವ ಚಿಂತೆ ನನಗೂ ಇತ್ತು. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವುದು ಕೊನೆಗೆ ಓದಿದ ಯೂನಿವರ್ಸಿಟಿಯ ಹೆಸರು. ಮೂರನೇ ವರ್ಷಕ್ಕೆ ಸೇರಿದವರಿಗೆ ಬೇರೆ ಥರದ ಡಿಗ್ರಿ ಕೊಡುವುದಿಲ್ಲ. ದುಡ್ಡಿನ ಲೆಕ್ಕವನ್ನೂ ನೋಡಿ. ಕಮ್ಯೂನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್. ಯುಸಿಯಲ್ಲಿ ಒಂದು ವರ್ಷದ ಟ್ಯೂಷನ್ ಮತ್ತು ಫೀಸೇ 14 ಸಾವಿರ ದಾಟುತ್ತದೆ, ಹಾಸ್ಟೆಲು ಊಟ ಬೇರೆ.

ರಾಜ್ಯದಲ್ಲಿ ಇಂಥ ಕಾಲೇಜುಗಳು 116 ಇವೆ. ಕುಪರ್ಟಿನೋದಲ್ಲಿ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಫುಟ್‌ಹಿಲ್, ಫ್ರೀಮಾಂಟ್‌ನಲ್ಲಿ ಓಲೋನಿ, ಲಿವರ್‌ಮೋರ್‌ನಲ್ಲಿ ಲಾಸ್ ಪೊಸಿಟಾಸ್. ಮನೆ ಹತ್ತಿರದ್ದಕ್ಕೇ ಸೇರಬೇಕೆಂಬ ನಿಯಮ ಇಲ್ಲ. ಆದರೆ ಡಿ ಆಂಜಾ, ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳವು; ಓಲೋನಿ ಸೆಮಿಸ್ಟರಿನದು. ಇದು ಸಣ್ಣ ವಿಷಯ ಅಲ್ಲ. ಕ್ಯಾಲ್ಕುಲಸ್ ಸರಣಿಯನ್ನು ಒಂದು ಕಡೆ ಅರ್ಧ ಓದಿ, ಇನ್ನರ್ಧ ಇನ್ನೊಂದು ಕಡೆ ಮುಗಿಸುತ್ತೇನೆ ಅಂದರೆ ನಡುವೆ ತೂತು ಬೀಳುತ್ತದೆ. ಸರಣಿ ಎಲ್ಲಿ ಶುರು ಮಾಡಿದಿರೋ ಅಲ್ಲೇ ಮುಗಿಸಿ.

ಯಾವ ಕಾಲೇಜು ಅನ್ನುವುದನ್ನು ಹೆಸರು ನೋಡಿ ತೀರ್ಮಾನಿಸಬೇಡಿ. ಅಸಿಸ್ಟ್ ಡಾಟ್ ಆರ್ಗ್ ನೋಡಿ ತೀರ್ಮಾನಿಸಿ. ಯಾವ ಕಾಲೇಜಿನ ಯಾವ ಕೋರ್ಸ್ ಯುಸಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸುವ ರಾಜ್ಯದ ಅಧಿಕೃತ ತಾಣ ಇದು. ನಾವು ಒಂದು ಭಾನುವಾರ ತಿಂಡಿ ಆದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ವರ್ಷ, ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಆಮೇಲೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಆರಿಸಬೇಕು. ಎಡಗಡೆ ಯುಸಿ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸಮನಾದ ಕಮ್ಯೂನಿಟಿ ಕಾಲೇಜಿನ ಕೋರ್ಸು. ಗಣಿತ ಇದೆ, ಫಿಸಿಕ್ಸ್ ಇದೆ ಅಂತ ಕೆಳಗೆ ಇಳಿಯುತ್ತಾ ಹೋದರೆ ಒಂದು ಕಡೆ ಬಲಭಾಗದಲ್ಲಿ "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತ ಕಾಣಿಸಿತು. ಅಂದರೆ ಆ ಕಾಲೇಜಿನಲ್ಲಿ ಅದಕ್ಕೆ ಒಪ್ಪುವ ಕೋರ್ಸ್ ಇಲ್ಲ. ಪಕ್ಕದ ಊರಿನ ಕಾಲೇಜಿನ ಪಟ್ಟಿ ತೆಗೆದರೆ ಅದೇ ಜಾಗದಲ್ಲಿ ಕೋರ್ಸ್ ಇತ್ತು. ವಿಟಿಯು ಕೆಳಗೆ ಓದಿದ ನಮಗೆ ಇದು ಹೊಸದು, ಅಲ್ವಾ? ಅಲ್ಲಿ ಬೀದರಿಗೂ ಮೈಸೂರಿಗೂ ಒಂದೇ ಸಿಲಬಸ್. ಇಲ್ಲಿ ಪ್ರತಿ ಕಾಲೇಜಿಗೂ ಬೇರೆ ಬೇರೆ ಒಪ್ಪಂದ.

ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಬೇಕೆನ್ನುವ ಮಕ್ಕಳು ಮೊದಲು ಈ ಮೇಜರ್ ಕೋರ್ಸುಗಳನ್ನೇ ತೆಗೆದುಕೊಳ್ಳಬೇಕು. ಸಾಮಾನ್ಯ ವಿಷಯಗಳಿಗೆ ಕ್ಯಾಲ್-ಜೆಟ್ಸಿ ಅಂತ ಒಂದು ಪಟ್ಟಿ ಇದೆ, 2025ರಿಂದ ಹಳೆಯ ಐಜೆಟ್ಸಿ ಬದಲು ಬಂದಿರುವುದು. ಅದನ್ನು ಮುಗಿಸುವ ಭರದಲ್ಲಿ ಗಣಿತ, ಫಿಸಿಕ್ಸ್ ಹಿಂದೆ ಬಿದ್ದರೆ ಕಷ್ಟ.

ಇನ್ನು ಬಹಳ ಜನ ಗಮನಿಸದ ಮಾತು. ಯುಸಿ ಟ್ರಾನ್ಸ್‌ಫರ್ ಅರ್ಜಿ ಹಾಕುವುದು ಎರಡನೇ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ. ಆಗ ಕೈಯಲ್ಲಿ ಪೂರ್ತಿ ಇರುವುದು ಮೊದಲ ವರ್ಷದ ಗ್ರೇಡುಗಳು ಮಾತ್ರ. "ಮೊದಲ ವರ್ಷ ಸುಮ್ನೆ ಹೊಂದಿಕೊಳ್ಳಲಿ, ಆಮೇಲೆ ಓದಿದರಾಯಿತು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಬೇಸಿಗೆಯಲ್ಲಿ ತೆಗೆದುಕೊಂಡ ಕಾಲೇಜ್ ಕ್ಲಾಸಿನ ಗ್ರೇಡೂ ದಾಖಲೆಯಲ್ಲಿ ಇರುತ್ತದೆ. ಅದನ್ನು ಮುಚ್ಚಿಡುವ ಹಾಗಿಲ್ಲ.

ಟ್ಯಾಗ್ ಅಂತ ಒಂದು ಖಾತರಿ ಪ್ರವೇಶವೂ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳು ಕೊಡುತ್ತವೆ. ಒಂದಕ್ಕೆ ಮಾತ್ರ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರ ಒಳಗೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೋದಲ್ಲಿ ಇದಿಲ್ಲ. ಎಲ್ಲ ಮೇಜರ್‌ಗೂ ಸಿಗುವುದಿಲ್ಲ. ಕಂಪ್ಯೂಟರ್ ಸೈನ್ಸ್ ಆಸೆ ಇರುವವರು ಆ ವರ್ಷದ ಪಟ್ಟಿ ನೋಡದೆ ನಂಬಿ ಕೂರಬೇಡಿ. ಟ್ಯಾಗ್ ಒಂದು ಕಡೆ ಹಾಕಿಟ್ಟು ಬರ್ಕ್ಲಿಗೂ ಅರ್ಜಿ ಹಾಕಬಹುದು, ಅದಕ್ಕೇನೂ ತೊಂದರೆ ಇಲ್ಲ.

ಎಚ್-4 ವೀಸಾದ (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಅವಲಂಬಿತರ ವೀಸಾ) ಮಕ್ಕಳ ಮನೆಯವರು ಇದನ್ನು ಎರಡು ಸಲ ಓದಿ. ಎಚ್-4ನಲ್ಲಿ ಓದಬಹುದು. ಕುಟುಂಬ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ನೆಲೆಸಿದ್ದರೆ, ದಾಖಲೆ ಸರಿಯಾಗಿದ್ದರೆ, ರಾಜ್ಯದವರ ಫೀಸೇ ಸಿಗಬಹುದು. ಫೆಡರಲ್ ಹಣಕಾಸಿನ ನೆರವು ಮಾತ್ರ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. 18ಕ್ಕೆ ಕಾಲೇಜು ಸೇರಿದ ಮಗುವಿಗೆ ಆ ಹುಟ್ಟುಹಬ್ಬ ಬರುವುದು ಟ್ರಾನ್ಸ್‌ಫರ್ ಆದ ಮೇಲೆ, ಫೀಸು ದೊಡ್ಡದಿರುವ ಯುಸಿಯಲ್ಲಿ. ಆಗ ತನ್ನ ಫೀಸು ಏನಾಗುತ್ತದೆ ಎಂದು ಆಯಾ ಕ್ಯಾಂಪಸ್ಸಿನ ರೆಸಿಡೆನ್ಸಿ ಆಫೀಸಿಗೆ ಈಗಲೇ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ.

ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಪದ್ಧತಿ ಬೇರೆ. ವರ್ಜೀನಿಯಾದಲ್ಲಿ ಕಮ್ಯೂನಿಟಿ ಕಾಲೇಜುಗಳಿಗೂ ವರ್ಜೀನಿಯಾ ಟೆಕ್‌ನಂಥ ಯೂನಿವರ್ಸಿಟಿಗಳಿಗೂ ಖಾತರಿ ಪ್ರವೇಶದ ಒಪ್ಪಂದ ಇದೆ. ಒಂದೇ ವರ್ಷಕ್ಕೆ ಬದಲಾಗಲೇಬೇಕು ಅನ್ನುವವರು ಯುಎಸ್‌ಸಿಯಂಥ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಖಾಸಗಿಯವನ್ನು ನೋಡಬಹುದು, ಫೀಸು ತಡೆದುಕೊಳ್ಳುವುದಾದರೆ.

ಸೇರುವುದೆಂದು ತೀರ್ಮಾನವಾದರೆ ಕ್ಲಾಸ್ ಶುರುವಾಗುವ ತನಕ ಕಾಯಬೇಡಿ. ಕ್ಯಾಲ್ಕುಲಸ್, ಫಿಸಿಕ್ಸ್ ಸೀಟುಗಳು ಬೇಗ ತುಂಬುತ್ತವೆ. ಬೇಸಿಗೆ ಶುರುವಿನಲ್ಲೇ ಕೌನ್ಸೆಲರ್ ಹತ್ತಿರ ಟೈಮ್ ತೆಗೆದುಕೊಂಡು, ಎರಡು ಮೂರು ಯುಸಿಗಳ ಅಸಿಸ್ಟ್ ಹಾಳೆಗಳನ್ನು ಪ್ರಿಂಟ್ ಹಾಕಿಕೊಂಡು ಹೋಗಿ. ಮಾತನ್ನು ಮಗುವೇ ಆಡಲಿ, ನೀವು ಪಕ್ಕದಲ್ಲಿರಿ.