ಒಂದೇ ಮೇಜು, ಆನಾ ಅಮಾಲಿಯಾ

ಜರ್ಮನಿಯ ಪುಟ್ಟ ಸಂಸ್ಥಾನ ವೈಮಾರಿನ ಡಚೆಸ್ (ಒಡತಿ) ಆನಾ ಅಮಾಲಿಯಾಳ ಕಥೆಗೆ ಇಲ್ಲಿ ಟಿಕೆಟ್ ಕೊಳ್ಳುವವರು ಯಾರು ಎಂದು ನಮ್ಮ ತಂಡದವರೇ ಕೇಳಿದ್ದರು. ಜರ್ಮನ್ ಕವಿ ಗಯಟೆಯ ಮೇಲೆ ನಾಟಕ ಮಾಡಿ, ಆಕೆ ಒಂದು ದೃಶ್ಯದಲ್ಲಿ ಬಂದು ಹೋಗಲಿ ಎಂಬ ಸಲಹೆಯೂ ಬಂತು. ನಾನು ಪಟ್ಟು ಬಿಡಲಿಲ್ಲ. ಈಗ ಏಕವ್ಯಕ್ತಿ ಪ್ರಯೋಗ ನಿಂತಿದೆ, ಗಟ್ಟಿಯಾಗಿಯೇ ನಿಂತಿದೆ.

ಮೊದಲ ರೂಪದಲ್ಲಿ ಗೌನು, ವಿಗ್ಗು ಎಲ್ಲವೂ ಇದ್ದವು. ಬಟ್ಟೆ, ಹೊಲಿಗೆ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ಜನ ಗೌನು ನೋಡಿದರು, ಮಾತು ಕೇಳಲಿಲ್ಲ. ಆಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ಅರಮನೆಗಳ ಚಿತ್ರ ತೋರಿಸಿದೆವು. ಎಂಟೊಂಬತ್ತು ಸಾವಿರ ಕೊಟ್ಟು ನಾಟಕವನ್ನು ಇತಿಹಾಸದ ತರಗತಿ ಮಾಡಿದಂತಾಯಿತು.

ದಾರಿ ತೋರಿಸಿದ್ದು ಆ ಕಾಲದ ಚಿತ್ರಕಾರ ಕ್ರೌಸ್ ಬರೆದ ಜಲವರ್ಣ ಚಿತ್ರ. ಮೇಜಿನ ಸುತ್ತ ಬಳಗ ಕೂತಿದೆ, ಗಯಟೆ ಓದುತ್ತಿದ್ದಾನೆ, ಅಮಾಲಿಯಾ ಕುಂಚ ಹಿಡಿದಿದ್ದಾಳೆ. ರಂಗವನ್ನೇ ಕೈಬಿಟ್ಟೆ. ನಡುವೆ ಉದ್ದನೆಯ ಮೇಜು, ನಾಲ್ಕೂ ಕಡೆ ಪ್ರೇಕ್ಷಕರು, ಅವರ ನಡುವೆಯೇ ಸಾದಾ ಕಪ್ಪು ಉಡುಪಿನಲ್ಲಿ ನಟಿ. ಬಡಗಿಗೆ ಕೊಟ್ಟದ್ದು ಏಳು ಸಾವಿರವಿರಬೇಕು.

ಇಡೀ ಬದುಕು ಸಹಿಗಳಲ್ಲಿ ಸಾಗುತ್ತದೆ. 1758ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 18. ಕಂಕುಳಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು. ಮರುವರ್ಷವೇ, ಯುರೋಪಿನ ಸಪ್ತವಾರ್ಷಿಕ ಯುದ್ಧದ ನಡುವೆ, ಮಗನ ಪರವಾಗಿ ಆಳ್ವಿಕೆ ಹೆಗಲಿಗೇರಿತು. ನಟಿ ಸಹಿ ಹಾಕಿದ ಹಾಳೆಯನ್ನು ಪಕ್ಕದವರಿಗೆ ಕೊಡುತ್ತಾರೆ, ಅವರು ಮುಂದಕ್ಕೆ ದಾಟಿಸುತ್ತಾರೆ. 1766: ಸಂಸ್ಥಾನದ ಗ್ರಂಥಾಲಯ ‘ಹಸಿರು ಅರಮನೆ’ ಎಂಬ ಕಟ್ಟಡಕ್ಕೆ. 1772: ಮಗನಿಗೆ ಗುರುವಾಗಿ ಕವಿ ವೀಲಾಂಡ್. 1774ರಲ್ಲಿ ವಾಸದ ಅರಮನೆಗೆ ಬೆಂಕಿ ಬೀಳುವ ಹೊತ್ತಿಗೆ ಎಲ್ಲರ ಕೈಯಲ್ಲೂ ಹಾಳೆಗಳಿರುತ್ತವೆ. ಅವು ಬೆಂಕಿಯಿಲ್ಲದೆಯೇ ಕರಕಲಾಗುವ ಉಪಾಯವನ್ನು ಮಾತ್ರ ಇಲ್ಲಿ ಬರೆಯಲಾರೆ.

ಗಯಟೆ ವೈಮಾರಿಗೆ ಬಂದದ್ದು 1775ರ ನವೆಂಬರಿನಲ್ಲಿ, ಆಕೆ ಅಧಿಕಾರವನ್ನು ಮಗ ಕಾರ್ಲ್ ಆಗಸ್ಟನಿಗೆ ಒಪ್ಪಿಸಿದ ಮೇಲೆ. ಅವನನ್ನು ಬರಮಾಡಿಕೊಂಡ ಊರನ್ನು ಅಷ್ಟು ವರ್ಷ ಕಟ್ಟಿದವಳು ಈಕೆ. ಹಾಗಾಗಿ ನನ್ನ ಪ್ರಯೋಗದಲ್ಲಿ ಅವನಿಗೆ ಒಂದು ಖಾಲಿ ಕುರ್ಚಿ ಸಾಕು. ಇದಕ್ಕೇ ಹೆಚ್ಚು ಜಗಳವಾಯಿತು, ಈಗ ಜನ ಹೆಚ್ಚು ಮೆಚ್ಚುವುದೂ ಇದನ್ನೇ.

ನಡುವೆ ಸಂಗೀತದ ಬೆನ್ನೂ ಹತ್ತಿದ್ದೆ. ಗಯಟೆಯ ಗೀತನಾಟಕ ‘ಎರ್ವಿನ್ ಮತ್ತು ಎಲ್ಮಿರೆ’ಗೆ 1776ರಲ್ಲಿ ಆಕೆಯೇ ಸಂಗೀತ ಹಾಕಿದ್ದಳು. ಹಾರ್ಮೋನಿಯಂನಲ್ಲಿ ಅದು ಕೂರಲೇ ಇಲ್ಲ, ಪಿಟೀಲಿನಲ್ಲಿ ಕೂತಿತು. ಆಕೆ ಕೂಡಿಟ್ಟ ಸಂಗೀತ ಪ್ರತಿಗಳಲ್ಲಿ ಬಹಳಷ್ಟು 2004ರಲ್ಲಿ ಅದೇ ವೈಮಾರ್ ಗ್ರಂಥಾಲಯಕ್ಕೆ ಬಿದ್ದ ಬೆಂಕಿಯಲ್ಲಿ, ಸುಮಾರು 50,000 ಪುಸ್ತಕಗಳ ಜೊತೆ, ಹೋದವು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಸುದ್ದಿಯನ್ನು ಪಿಟೀಲು ನಿಂತ ಮೇಲೆ ನಟಿ ಒಂದೇ ವಾಕ್ಯದಲ್ಲಿ ಹೇಳುತ್ತಾರೆ.

ಮೇಜಿನ ಸುತ್ತ ನಲವತ್ತು ಜನರಿಗಷ್ಟೇ ಜಾಗ. ಟಿಕೆಟ್ 200 ರೂಪಾಯಿ. ಬಾಡಿಗೆ, ನಟಿ ಮತ್ತು ಪಿಟೀಲು ವಾದಕರ ಸಂಭಾವನೆ ಕಳೆದು ಪ್ರತಿ ಬಾರಿ ಸಾವಿರದಷ್ಟು ಉಳಿಯುತ್ತದೆ. ಗೌನಿನ ಸಾಲ ತೀರಿದೆ. ಇನ್ನು 1788ರ ಇಟಲಿ ಪ್ರವಾಸವನ್ನು ಅದೇ ಮೇಜಿನ ಮೇಲೆ ತರಬೇಕು.